ಕೊಟ್ಟಿಗೆ ಹಿಂದಿನ ಗುಂಡಿ ಒಮ್ಮೆ ನೋಡಿ

ಸಿರ್ಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಕಟ್ಟುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಈಚೆಗೆ ಬರುವ ಫೋನುಗಳೇ ಬೇರೆ. ಬಟ್ಟೆ ಚೀಲ ಹಿಡಿದೇ ಪೇಟೆಗೆ ಹೋಗುತ್ತೇವೆ, ಬಿದಿರಿನ ಬ್ರಷ್ ತರಿಸಿದ್ದೇವೆ, ಪರಿಸರಕ್ಕೆ ಒಳ್ಳೆಯದಾಗುವ ಹಾಗೆ ಇನ್ನೇನು ಮಾಡಬಹುದು, ಸೋಲಾರ್ ಹಾಕಿಸೋಣವಾ ಅಂತ ಕೇಳುತ್ತಾರೆ. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಮನೆಯ ಕೊಟ್ಟಿಗೆ ಹಿಂದೆ ಹೋದರೆ ಅಪ್ಪನ ಕಾಲದಲ್ಲಿ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿ ಇರುತ್ತದೆ, ಅದರ ಮೇಲೆ ಕೆಸು ಬೆಳೆದಿರುತ್ತದೆ.

"ತಮಾ, ಅದ್ರಲ್ಲಿ ಗ್ಯಾಸೇ ಬತ್ತಿಲ್ಲೆ" ಅನ್ನುತ್ತಾರೆ ಮನೆಯ ದೊಡ್ಡಮ್ಮ.

ಹೆಚ್ಚಿನ ಸಲ ಗುಂಡಿ ಒಡೆದಿರುವುದಿಲ್ಲ. ಒಳಗಿನ ಜೀವಿಗಳು ಸತ್ತಿರುತ್ತವೆ, ಅಷ್ಟೆ. ಗ್ಯಾಸ್ ಮಾಡುವುದು ನಾವಲ್ಲ, ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು. ಕೊಟ್ಟಿಗೆಗೆ ಫಿನೈಲ್ ಹಾಕಿ ತೊಳೆದು ಆ ನೀರನ್ನೇ ಗುಂಡಿಗೆ ಬಿಟ್ಟರೆ ಅವು ಉಳಿಯುವುದು ಹೇಗೆ? ಬೇರೆಯವರಿಗೆ ಯಾಕೆ ಹೇಳಲಿ, ನಮ್ಮ ಮನೆಯದ್ದೂ ಹೀಗೇ ಹಾಳಾಗಿತ್ತು. ವಾಷಿಂಗ್ ಮಷೀನ್ ತಂದ ವರ್ಷ ಅದರ ನೀರಿನ ಪೈಪನ್ನು ಕೊಟ್ಟಿಗೆ ಕಾಲುವೆಗೆ ಜೋಡಿಸಿದ್ದೆ, ಕಾಲುವೆ ನೇರ ಗುಂಡಿಗೇ ಹೋಗುತ್ತದೆ ಅನ್ನುವುದು ಇದೇ ಕೆಲಸ ಮಾಡುವ ನನಗೆ ಹೊಳೆಯಲೇ ಇಲ್ಲ. ಒಲೆ ಮಂಕಾಯಿತು, ಆಮೇಲೆ ಆರಿಯೇ ಹೋಯಿತು. ನನ್ನಾಕೆ ಇವತ್ತಿಗೂ ನೆಂಟರ ಎದುರಿಗೆ ಅದನ್ನೇ ಹೇಳುತ್ತಾಳೆ.

ಲೆಕ್ಕ ಕೇಳುವವರಿಗೆ ಒಂದು ಅಂದಾಜು. ಒಂದು ಕೆಜಿ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ದಿನಕ್ಕೆ 25 ಕೆಜಿ ಸಗಣಿ ಹಾಕಿದರೆ ಒಂದು ಘನ ಮೀಟರ್ ಆಯಿತು, ಅದು ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ಎಲ್‌ಪಿಜಿಗೆ ಸಮ. ಅಂದರೆ ಎಲ್ಲ ಸರಿಯಾಗಿ ನಡೆದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು 14.2 ಕೆಜಿ ಸಿಲಿಂಡರ್. ಮಲೆನಾಡು ಗಿಡ್ಡ ಆಕಳು ಎರಡೇ ಇದ್ದರೆ ಇಷ್ಟು ಬರುವುದಿಲ್ಲ, ಚಹಾ ತಿಂಡಿ ಆಗಬಹುದು. ಬಂದ ಗ್ಯಾಸ್ ಉರಿಸದೆ ಸುಮ್ನೆ ಬಿಡುವುದೂ ಸರಿಯಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಸೋರುವ ಪೈಪ್ ಇಟ್ಟುಕೊಂಡು ಬಿದಿರಿನ ಬ್ರಷ್‌ನಲ್ಲಿ ಹಲ್ಲುಜ್ಜಿದರೆ ಏನು ಬಂತು?

ದಿನಾ ಮಾಡುವುದು ಬಹಳ ಏನಿಲ್ಲ. ಸಗಣಿಗೆ ಅಷ್ಟೇ ಅಳತೆಯ ನೀರು ಹಾಕಿ ಗಂಟು ಒಡೆಯಿರಿ. ಹುಲ್ಲು, ದರಕು (ಒಣ ಎಲೆ) ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಅದು ಒಳಗೆ ಮೇಲೆ ತೇಲಿ ಚಾಪೆಯ ಹಾಗೆ ಕಟ್ಟಿಕೊಳ್ಳುತ್ತದೆ. ಉಳಿದ ಅನ್ನ, ಹಳಸಿದ ಹಿಟ್ಟು ಸ್ವಲ್ಪ ಸ್ವಲ್ಪ ಹಾಕಬಹುದು, ಅದರಲ್ಲಿ ಸಗಣಿಗಿಂತ ಜಾಸ್ತಿ ಗ್ಯಾಸ್ ಇದೆ, ಆದರೆ ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗುತ್ತದೆ. ನಿಂಬೆ ಸಿಪ್ಪೆ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ತೊಳೆದ ಉಪ್ಪುನೀರಂತೂ ಬೇಡವೇ ಬೇಡ. ಕಾರವಾರ, ಅಂಕೋಲಾ ಕಡೆಯವರು ಮೀನು ತೊಳೆದ ನೀರು ಹಾಕಬಹುದಾ ಅಂತ ಕೇಳುತ್ತಾರೆ. ಅದು ಮೊದಲಿಂದಲೂ ತೆಂಗಿನ ಬುಡಕ್ಕೆ ಹೋಗುತ್ತಿದೆ ಅಲ್ವಾ, ಅಲ್ಲಿಗೇ ಹೋಗಲಿ.

ಮಳೆಗಾಲ ನಮ್ಮಲ್ಲಿ ದೊಡ್ಡ ತಲೆನೋವು. ಮಾಡಿನ ನೀರು ಗುಂಡಿಗೆ ಬಿದ್ದರೆ ಬಗ್ಗಡ, ಅಂದರೆ ಒಳಗಿನ ಸಗಣಿ ನೀರು, ತೆಳುವಾಗುತ್ತದೆ. ಜೊತೆಗೆ ಥಂಡಿ. 30ರಿಂದ 35 ಡಿಗ್ರಿ ಇದ್ದರೆ ಈ ಜೀವಿಗಳು ಚುರುಕು, ಥಂಡಿ ಆದಷ್ಟೂ ನಿಧಾನ. ಬಚ್ಚಲ ಹಂಡೆಯಲ್ಲಿ ಎಲ್ಲರ ಸ್ನಾನ ಮುಗಿದ ಮೇಲೂ ಎರಡು ಕೊಡ ಉಗುರುಬೆಚ್ಚಗಿನ ನೀರು ಉಳಿದಿರುತ್ತದೆ. ಸಗಣಿ ಕಲಸಲು ಅದನ್ನೇ ಹಾಕಿ. ಹಂಡೆಯದ್ದು ಮಾತ್ರ, ಸೋಪು ಬೆರೆತ ನೀರು ಅಲ್ಲ.

ಬಚ್ಚಲ ಒಲೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಷಾಢದಲ್ಲಿ ಕಟ್ಟಿಗೆ ಹಸಿಯಾಗಿರುತ್ತದೆ, ಬೆಂಕಿ ಹಿಡಿಯಲಿ ಅಂತ ಹಾಲಿನ ಕವರ್ ಹಾಕಿ ಹೊತ್ತಿಸುತ್ತಾರೆ. ಆ ಹೊಗೆ ಕುಡಿಯುವುದು ಒಲೆ ಎದುರು ಕೂತವರು, ಆ ಬೂದಿ ಹೋಗುವುದು ಬಸಳೆ ಬುಡಕ್ಕೆ. ಬೇಸಗೆಯಲ್ಲೇ ಒಣ ಅಡಿಕೆ ಹಾಳೆ, ಸೋಗೆ ಕಟ್ಟಿ ಅಟ್ಟಕ್ಕೆ ಹಾಕಿಟ್ಟರೆ ಕವರೇ ಬೇಕಾಗುವುದಿಲ್ಲ. ಹಂಡೆ ತಳದ ಮಸಿಯನ್ನು ಆಗಾಗ ಕೆರೆಯಿರಿ, ಕಟ್ಟಿಗೆ ಉಳಿಯುತ್ತದೆ.

ಸತ್ತ ಗುಂಡಿ ಮತ್ತೆ ಶುರುವಾಗುತ್ತದಾ? ಗ್ಯಾಸ್ ತುಂಬಿಕೊಳ್ಳುವ ಮೇಲಿನ ಗುಮ್ಮಟ ಬಿರುಕು ಬಿಟ್ಟಿರದಿದ್ದರೆ ಆಗುತ್ತದೆ. ಮೊದಲು ಫಿನೈಲ್, ಸೋಪಿನ ನೀರಿಗೆ ಬೇರೆ ದಾರಿ ಮಾಡಿ. ಹಳೆಯದನ್ನು ಖಾಲಿ ಮಾಡಿಸುವಾಗ ಯಾರೂ ಒಳಗೆ ಇಳಿಯಬಾರದು, ಒಳಗಿನ ಗಾಳಿ ಜೀವ ತೆಗೆಯುತ್ತದೆ, ಈ ಮಾತಿನಲ್ಲಿ ನಾನು ಯಾರ ಮುಲಾಜನ್ನೂ ನೋಡುವುದಿಲ್ಲ. ಆಮೇಲೆ ಹೊಸ ಸಗಣಿ ತುಂಬಿ, ಪಕ್ಕದ ಮನೆಯ ನಡೆಯುತ್ತಿರುವ ಗುಂಡಿಯಿಂದ ಬಗ್ಗಡ ತಂದು ಹೆಪ್ಪು ಹಾಕಿದ ಹಾಗೆ ಬೆರೆಸಿ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಕೆಟ್ಟಿತು ಅಂತ ಹೆದರಬೇಡಿ, ಹೊರಗೆ ಬಿಟ್ಟುಬಿಡಿ. ಬೆಂಕಿ ಕಡ್ಡಿ ಗೀರಿ ನೋಡುವುದಾದರೆ ಅಡುಗೆಮನೆಯ ಒಲೆಯಲ್ಲೇ ನೋಡಿ, ಗುಂಡಿಯ ಪೈಪಿನ ಬಾಯಿಗೆ ಹಿಡಿಯಬೇಡಿ.