ಬೋರ್ನ್‌ಮತ್‌ನ ‘ಹಾರ್ಡ್ ಕೋರ್ಟ್’: ಹೆಸರು ಗಟ್ಟಿ, ನೆಲ ಆವೆಮಣ್ಣು

ಹಳೆಯ ಟೆನಿಸ್ ದಾಖಲೆ ಓದುವವರು ಎಡವುವ ಹೆಸರೊಂದಿದೆ: ಬ್ರಿಟಿಷ್ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್ಸ್. ಇವತ್ತಿನ ಮೆಲ್ಬರ್ನ್, ನ್ಯೂಯಾರ್ಕ್‌ಗಳ ಗಟ್ಟಿ ನೆಲದ ಅಂಕಣವೇ ಕಣ್ಣಮುಂದೆ ಬಂದು, ಬ್ರಿಟನ್ನಿನ ಆಟಗಾರ ಫ್ರೆಡ್ ಪೆರ್ರಿ 1932ರಿಂದ 1936ರವರೆಗೆ ಸತತ ಐದು ಸಲ ಗೆದ್ದದ್ದನ್ನು ಹಾರ್ಡ್ ಕೋರ್ಟ್ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಆ ಟೂರ್ನಿ ನಡೆದದ್ದು ಆವೆಮಣ್ಣಿನ ಮೇಲೆ. ಆ ಕಾಲದ ಬ್ರಿಟನ್ನಿನಲ್ಲಿ ಹುಲ್ಲಲ್ಲದ ಅಂಕಣವೆಲ್ಲ ‘ಹಾರ್ಡ್’. ಸುಟ್ಟ ಇಟ್ಟಿಗೆಯ ಪುಡಿಯಾದರೂ ಅಷ್ಟೆ, ಶೇಲ್ ಎಂಬ ಪದರುಗಲ್ಲಿನ ಪುಡಿಯಾದರೂ ಅಷ್ಟೆ. ಪ್ಯಾರಿಸ್‌ನಲ್ಲಿ 1912ರಲ್ಲಿ ಶುರುವಾದ ವಿಶ್ವ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್ಸ್ ಕೂಡ ಮಣ್ಣಿನದೇ. ಹಳೆಯ ಅಂಕಿಅಂಶ ಕೂಡಿಸುವವರು ಟೂರ್ನಿಯ ಹೆಸರನ್ನು ನಂಬದೆ ನೆಲ ಯಾವುದೆಂದು ಬೇರೆಯಾಗಿ ನೋಡಿಕೊಳ್ಳಬೇಕು.

ಟೂರ್ನಿ ಹುಟ್ಟಿದ್ದು 1924ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿಯಲ್ಲಿ. 1927ರಲ್ಲಿ ಅದೇ ಕರಾವಳಿಯ ಬೋರ್ನ್‌ಮತ್‌ಗೆ, ವೆಸ್ಟ್ ಹ್ಯಾಂಟ್ಸ್ ಕ್ಲಬ್ಬಿಗೆ ಬಂತು. ಹುಲ್ಲು ಇನ್ನೂ ಆಟಕ್ಕೆ ಒದಗದ ವಸಂತದಲ್ಲಿ ಋತು ತೆರೆಯುವುದು ಈ ಟೂರ್ನಿಯ ಕೆಲಸವಾಗಿತ್ತು. ಹಾಗಾಗಿ ಚಳಿಗಾಲ ಮುಗಿಯುತ್ತಿದ್ದಂತೆ ಮಣ್ಣನ್ನು ಆಟಕ್ಕೆ ಎಬ್ಬಿಸಬೇಕಿತ್ತು. ಇದು ಸುಲಭದ್ದಲ್ಲ.

ಆವೆಮಣ್ಣಿನ ಅಂಕಣವೆಂದರೆ ಬರೀ ಮಣ್ಣು ಹರವಿದ ಬಯಲಲ್ಲ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲಾಂ ಗ್ಯಾರೋಸ್‌ನ ಅಂಕಣವನ್ನೇ ನೋಡಿ: ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ 7–8 ಸೆಂ.ಮೀ. ಕಲ್ಲಿದ್ದಲ ಕಿಟ್ಟ, ಅದರ ಮೇಲೆ 6–7 ಸೆಂ.ಮೀ. ಸುಣ್ಣದಕಲ್ಲಿನ ಪುಡಿ. ನಾವು ಟಿವಿಯಲ್ಲಿ ಕಾಣುವ ಕೆಂಪು ಇಟ್ಟಿಗೆ ಪುಡಿ ಇರುವುದು ಒಂದೆರಡು ಮಿಲಿಮೀಟರ್ ಮಾತ್ರ. ಇಟ್ಟಿಗೆ ಪುಡಿಗೆ ಜೇಡಿಮಣ್ಣಿನಂತೆ ತಾನಾಗಿ ಅಂಟಿಕೊಳ್ಳುವ ಗುಣವಿಲ್ಲ. ಅದನ್ನು ಹಿಡಿದಿಡುವುದು ನೀರು. ಕಿಟ್ಟದ ಪದರ ನೀರನ್ನು ಸ್ಪಂಜಿನಂತೆ ಕುಡಿದಿಟ್ಟುಕೊಂಡು ಮೆಲ್ಲಗೆ ಮೇಲಕ್ಕೆ ಕೊಡುತ್ತದೆ.

ಚಳಿಗಾಲದ ಹಿಮ ಕೆಡಿಸುವುದೂ ಇದೇ ನೀರಿನ ಮೂಲಕ. ಪದರಗಳೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮೇಲ್ಪದರ ಉಬ್ಬಿ ಸಡಿಲವಾಗುತ್ತದೆ. ಗೆರೆಗಳ ಪಟ್ಟಿಯನ್ನು ಹಿಡಿದ ಮೊಳೆಗಳು ಮೇಲೇಳುತ್ತವೆ. ವಸಂತದಲ್ಲಿ ಮೊದಲು ಸತ್ವ ಹೋದ ಹಳೆಯ ನುಣ್ಣನೆ ಪುಡಿಯನ್ನು ಕೆರೆದು ತೆಗೆಯಬೇಕು. ಆಮೇಲೆ ಒಂದು ಅಂಕಣಕ್ಕೆ ಸುಮಾರು 2 ಟನ್ ಹೊಸ ಪುಡಿ. ಸುತ್ತಲಿನ ಓಡಾಟದ ಜಾಗವೂ ಸೇರಿ 36.57 ಮೀಟರ್ ಉದ್ದ, 18.29 ಮೀಟರ್ ಅಗಲದ ಅಂಕಣಕ್ಕೆ ಅದು ಚದರ ಮೀಟರಿಗೆ 3 ಕಿಲೋ, ಅಂದರೆ ಸುಮಾರು 2 ಮಿ.ಮೀ. ದಪ್ಪ ಬರುತ್ತದೆ. ಜಾಸ್ತಿ ಸುರಿದರೆ ಚೆಂಡು ಪುಟಿಯದೆ ಸಾಯುತ್ತದೆ, ಆಟಗಾರನ ಕಾಲು ನಿಲ್ಲದೆ ಜಾರುತ್ತದೆ.

ನೀರು ಹಾಯಿಸಿ ರೋಲರ್ ಎಳೆಯುವಾಗ ಅವಸರ ಕೂಡದು. ಅಂಕಣದ ಮೇಲೆ ಒಂದು ಹೆಜ್ಜೆ ಇಡಿ: ಷೂ ತಳಕ್ಕೆ ಕೆಸರು ಮೆತ್ತಿದರೆ ಕಾಯಬೇಕು, ಹೆಜ್ಜೆಯ ಅಂಚು ಪುಡಿಪುಡಿಯಾಗಿ ಉದುರಿದರೆ ಇನ್ನೊಂದು ಸಲ ನೀರು ಬೇಕು. ಹಸಿಯಾಗಿದ್ದಾಗ ಉರುಳಿಸಿದರೆ ರೋಲರ್ ಪದರವನ್ನೇ ಎತ್ತಿಕೊಂಡು ಹೋಗುತ್ತದೆ. ಅಡಿ ಪದರ ಕೂರುವ ಮೊದಲೇ ಮೇಲ್ಮೈಯನ್ನು ಬಿಗಿ ಮಾಡಿದರೆ ಮೇಲೆ ಚಕ್ಕೆ, ಕೆಳಗೆ ಪೊಳ್ಳು. ಅಂಥ ಕಡೆ ಚೆಂಡು ಒಮ್ಮೆ ಎದೆಗೆ ಬರುತ್ತದೆ, ಒಮ್ಮೆ ಪಾದಕ್ಕೆ. ಗೆರೆಪಟ್ಟಿ ನಾಲ್ಕೇ ಮಿಲಿಮೀಟರ್ ಎದ್ದಿದ್ದರೂ ಅದಕ್ಕೆ ತಾಗಿದ ಚೆಂಡು ಎತ್ತಲೋ ಹಾರುತ್ತದೆ.

ಇಂಥ ಏಪ್ರಿಲ್ ನೆಲದ ಮೇಲೆಯೇ ಮುಕ್ತ ಟೆನಿಸ್, ಅಂದರೆ ಹವ್ಯಾಸಿಗಳೂ ವೃತ್ತಿಪರರೂ ಒಟ್ಟಿಗೆ ಆಡುವ ಟೆನಿಸ್, ಶುರುವಾಯಿತು. ಅಲ್ಲಿಯತನಕ ಹಣಕ್ಕೆ ಆಡುವವರಿಗೆ ವಿಂಬಲ್ಡನ್ ಸೇರಿದಂತೆ ಪ್ರಮುಖ ಟೂರ್ನಿಗಳ ಬಾಗಿಲು ಮುಚ್ಚಿತ್ತು. 1967ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಲಾನ್ ಟೆನಿಸ್ ಸಂಸ್ಥೆ ಅಮೆಚೂರ್ (ಹವ್ಯಾಸಿ)–ವೃತ್ತಿಪರ ಎಂಬ ಭೇದವನ್ನು 295–5 ಮತಗಳಿಂದ ಕಿತ್ತುಹಾಕಿತು. 1968ರ ಮಾರ್ಚ್ 30ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆ 12 ಮುಕ್ತ ಟೂರ್ನಿಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲ ಸರದಿ ಬೋರ್ನ್‌ಮತ್‌ನದು. ಏಪ್ರಿಲ್ 22ರ ಮಧ್ಯಾಹ್ನ 1.43ಕ್ಕೆ ಬ್ರಿಟನ್ನಿನ ಜಾನ್ ಕ್ಲಿಫ್ಟನ್ ಆಸ್ಟ್ರೇಲಿಯಾದ ಓವನ್ ಡೇವಿಡ್ಸನ್‌ಗೆ ಸರ್ವ್ ಮಾಡಿದರು. ಮುಕ್ತ ಯುಗದ ಮೊದಲ ಪಾಯಿಂಟ್ ಕ್ಲಿಫ್ಟನ್‌ದು, ಪಂದ್ಯ ಡೇವಿಡ್ಸನ್‌ದು: 6–2, 6–3, 4–6, 8–6. ಆ 8–6 ಕಂಡು ಮುದ್ರಣದೋಷ ಅಂದುಕೊಳ್ಳಬೇಡಿ, 6–6 ಆದಾಗ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕ್ ಇನ್ನೂ ಬಂದಿರಲಿಲ್ಲ.

ಎರಡು ದಿನ ಕಳೆದು ಅಮೆಚೂರ್ ಎಡಗೈ ಆಟಗಾರ ಮಾರ್ಕ್ ಕಾಕ್ಸ್, ವೃತ್ತಿಪರ ದಿಗ್ಗಜ ಪಾಂಚೋ ಗೊನ್ಸಾಲೆಸ್‌ರನ್ನು 0–6, 6–2, 4–6, 6–3, 6–3ರಿಂದ ಸೋಲಿಸಿದರು. ವೃತ್ತಿಪರರನ್ನು ಮುಟ್ಟಲಾಗದೆಂಬ ನಂಬಿಕೆ ಒಂದೇ ಮಧ್ಯಾಹ್ನ ಬಿದ್ದುಹೋಯಿತು. ಗೊನ್ಸಾಲೆಸ್‌ಗೆ ಆಗ 39 ವರ್ಷ. ಅವರ ಬಂಡವಾಳ ಸರ್ವ್. ಸಡಿಲ ಹರಳುಗಳ ಘರ್ಷಣೆ ಚೆಂಡಿನ ಮುನ್ನುಗ್ಗುವ ವೇಗವನ್ನು ತಿಂದುಹಾಕುವುದರಿಂದ ಮಣ್ಣಿನ ಮೇಲೆ ಅದೇ ಸರ್ವ್ ಎದುರಾಳಿಗೆ ಸಿಗುವ ಚೆಂಡಾಗುತ್ತದೆ. ಒಳಾಂಗಣದ ವೇಗದ ಅಂಕಣಗಳಿಗೆ ಒಗ್ಗಿದ್ದ ವೃತ್ತಿಪರರಿಗೆ ಐದು ಸೆಟ್ಟುಗಳ ಮಣ್ಣಿನಾಟ ಬೇರೆಯೇ ದುಡಿಮೆ. ಕಾಕ್ಸ್ ಮುಂದೆ ರಾಯ್ ಎಮರ್ಸನ್‌ರನ್ನೂ ಮಣಿಸಿ, ಸೆಮಿಫೈನಲ್‌ನಲ್ಲಿ ರಾಡ್ ಲೇವರ್‌ಗೆ ಸೋತರು.

ಮಳೆಯಿಂದಾಗಿ ಎರಡು ದಿನಕ್ಕೆ ಚಾಚಿದ ಫೈನಲ್‌ನಲ್ಲಿ ಕೆನ್ ರೋಸ್‌ವಾಲ್ ಲೇವರ್‌ರನ್ನು 3–6, 6–2, 6–0, 6–3ರಿಂದ ಗೆದ್ದರು. ನೆಲ ತೊಯ್ದಾಗ ಚೆಂಡಿನ ನಾರು ಒದ್ದೆ ಪುಡಿ ಹಿಡಿದು ಭಾರವಾಗುತ್ತದೆ, ಟಾಪ್‌ಸ್ಪಿನ್ನಿನ (ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತದ) ಜಿಗಿತ ಕುಗ್ಗುತ್ತದೆ, ಸ್ಲೈಸ್ ಮಾಡಿದ (ಹಿಂದಕ್ಕೆ ತಿರುಗುವಂತೆ ಕತ್ತರಿಸಿ ಹೊಡೆದ) ಚೆಂಡು ಇನ್ನೂ ಕೆಳಗೇ ಉಳಿಯುತ್ತದೆ. ಲೇವರ್‌ರ ಅಸ್ತ್ರ ಟಾಪ್‌ಸ್ಪಿನ್, ರೋಸ್‌ವಾಲ್‌ರದು ಬ್ಯಾಕ್‌ಹ್ಯಾಂಡ್ ಸ್ಲೈಸ್. ಆ ಸಲದ ಫ್ರೆಂಚ್ ಓಪನ್ ಫೈನಲ್‌ನಲ್ಲೂ ಇದೇ ಜೋಡಿ, ಇದೇ ಫಲಿತಾಂಶ. ಹಾಗಾಗಿ ಬೋರ್ನ್‌ಮತ್‌ನ ಗೆಲುವನ್ನು ಹವೆಯ ಕೃಪೆ ಎಂದು ತಳ್ಳಿಹಾಕುವುದು ನನ್ನ ಮಟ್ಟಿಗೆ ತಪ್ಪು. ಮಣ್ಣಿನ ಮೇಲೆ ಆ ವರ್ಷ ರೋಸ್‌ವಾಲ್ ಮೇಲುಗೈ ಆಗಿದ್ದರು.

ರೋಸ್‌ವಾಲ್‌ಗೆ 1,000 ಪೌಂಡ್. ಮಹಿಳಾ ಪ್ರಶಸ್ತಿ ಗೆದ್ದ ವರ್ಜೀನಿಯಾ ವೇಡ್‌ಗೆ ಇದ್ದದ್ದು 300 ಪೌಂಡ್, ಅಮೆಚೂರ್ ಆಗಿ ಉಳಿಯಲು ಅದನ್ನೂ ಅವರು ಬಿಟ್ಟರು. ಮೂರು ಪಟ್ಟಿಗೂ ಮೀರಿದ ಈ ಅಂತರವನ್ನೂ ಆ ದಿನಗಳ ಹೊಗಳಿಕೆಯ ಜೊತೆಗೇ ಬರೆದಿಡಬೇಕು.

ಆಮೇಲೆ ಟೂರ್ನಿ ಯುರೋಪಿನ ಮಣ್ಣಿನ ಮಕ್ಕಳ ಕೈ ಸೇರಿತು: 1973ರಲ್ಲಿ ಪನಾಟ್ಟ, 1974ರಲ್ಲಿ ನಸ್ತಾಸೆ, 1975ರಲ್ಲಿ ಒರಾಂಟೆಸ್. ಒದ್ದೆ ಚಳಿಯ ಬೋರ್ನ್‌ಮತ್‌ಗೆ ಮಾಂಟೆ ಕಾರ್ಲೊ, ರೋಮ್‌ಗಳ ಬಿಸಿಲಿನೊಡನೆ ಪೈಪೋಟಿ ಕಷ್ಟವಾಗಿತ್ತು. 1983ರಲ್ಲಿ ಹೊಸೆ ಹಿಗುಯೆರಸ್ ಗೆದ್ದ ಮೇಲೆ ಹಳೆಯ ಟೂರ್ನಿ ನಿಂತಿತು. ಅದೇ ಕ್ಲಬ್ಬಿನಲ್ಲಿ 1996ರಿಂದ 1999ರವರೆಗೆ ಎಟಿಪಿ (ಪುರುಷ ವೃತ್ತಿಪರ ಆಟಗಾರರ ಸಂಘ) ಟೂರ್ನಿಯೊಂದು ನಡೆಯಿತು, ಈ ಸಲ ಸೆಪ್ಟೆಂಬರ್‌ನಲ್ಲಿ. ಬೇಸಿಗೆಯಿಡೀ ಆಡಿ ಕೂತ ನೆಲ ವಸಂತದ ನೆಲಕ್ಕಿಂತ ನಂಬಿಕಸ್ಥ, ಆ ಲೆಕ್ಕದಲ್ಲಿ ತಿಂಗಳ ಆಯ್ಕೆ ಸರಿಯಿತ್ತು. ಆದರೂ ಆಲ್ಬರ್ಟ್ ಕೋಸ್ಟ ಒಮ್ಮೆ, ಫೆಲಿಕ್ಸ್ ಮಂಟಿಲ್ಲ ಎರಡು ಸಲ, ರೊಮೇನಿಯಾದ ಆಡ್ರಿಯನ್ ವೊಯ್ನಿಯಾ ಕೊನೆಯ ಸಲ ಗೆದ್ದರು. ಊರಿನವರಿಗೆ ಒಂದೂ ದಕ್ಕಲಿಲ್ಲ. 2000ದಲ್ಲಿ ಟೂರ್ನಿ ಬ್ರೈಟನ್ನಿನ ಒಳಾಂಗಣಕ್ಕೆ ಹೋಯಿತು. ಮಣ್ಣಲ್ಲದ ಆ ನೆಲದ ಮೇಲೆ ಗೆದ್ದವರು ಇಂಗ್ಲೆಂಡಿನ ಟಿಮ್ ಹೆನ್ಮನ್.