ಫ್ರೆಂಚ್ ವೈನ್ ಬಾಟಲಿ ಮೇಲೆ ದ್ರಾಕ್ಷಿ ಹೆಸರು ಯಾಕಿಲ್ಲ?

ಓದುಗರ ಪ್ರಶ್ನೆ: ನಂದಿ ಕಡೆಯ ವೈನ್ ಕೊಂಡರೆ ಶಿರಾಜ್, ಕ್ಯಾಬರ್ನೆ ಅಂತ ಲೇಬಲ್ ಮೇಲೇ ಬರೆದಿರುತ್ತದೆ. ಫ್ರಾನ್ಸಿನ ಬಾಟಲಿ ತೆಗೆದುಕೊಂಡರೆ ಬರೀ ಊರಿನ ಹೆಸರು. ಒಳಗೆ ಯಾವ ದ್ರಾಕ್ಷಿ ಇದೆ ಅಂತ ತಿಳಿಯುವುದು ಹೇಗೆ?

ಆ ಊರಿನ ಹೆಸರಿನಿಂದಲೇ ತಿಳಿಯಬೇಕು. ಕಿರಾಣಿ ಅಂಗಡಿಯಲ್ಲಿ "ಕಾಲು ಕೆಜಿ ಬ್ಯಾಡಗಿ ಕೊಡಿ" ಅಂದರೆ ಸಾಕು, ಬಣ್ಣ ಜಾಸ್ತಿ, ಖಾರ ಕಮ್ಮಿ ಇರುವ ಮೆಣಸಿನಕಾಯಿ ಅಂತ ಇಬ್ಬರಿಗೂ ಗೊತ್ತು. ತಳಿ ಯಾವುದು ಅಂತ ಯಾರೂ ಕೇಳುವುದಿಲ್ಲ. ಫ್ರೆಂಚರು ವೈನನ್ನು ಹೀಗೆ ಊರಿನ ಮೇಲೇ ಗುರುತಿಸುತ್ತಾ ಬಂದರು, ಆಮೇಲೆ ಅದಕ್ಕೊಂದು ಕಾನೂನನ್ನೂ ಮಾಡಿದರು.

ಕಾನೂನು ಬಂದದ್ದಕ್ಕೆ ಕಾರಣ ಇತ್ತು. 1860ರ ದಶಕದಿಂದ ಫಿಲಾಕ್ಸರಾ ಎಂಬ ಸಣ್ಣ ಕೀಟ ಬಳ್ಳಿಯ ಬೇರು ಹಿಡಿದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ವೈನ್ ಕಡಿಮೆ ಆಯಿತು, ಕುಡಿಯುವವರು ಕಡಿಮೆ ಆಗಲಿಲ್ಲ. ಎಲ್ಲಿಂದಲೋ ತಂದ ವೈನಿಗೆ ಹೆಸರುವಾಸಿ ಊರಿನ ಚೀಟಿ ಅಂಟಿಸಿ ಮಾರುವವರು ಹುಟ್ಟಿಕೊಂಡರು. ಈ ಜಗ್ಗಾಟ ದಶಕಗಟ್ಟಲೆ ನಡೆದು, ಕೊನೆಗೆ 1935ರಲ್ಲಿ ಅಪೆಲಾಸಿಯೊ ಪದ್ಧತಿ ಬಂತು. ಒಂದು ಊರಿನ ಹೆಸರು ಹಾಕಬೇಕಾದರೆ ಹಣ್ಣು ಯಾವ ಜಮೀನಿನದಾಗಿರಬೇಕು, ಯಾವ ತಳಿ ಬೆಳೆಯಬೇಕು, ಒಂದು ಹೆಕ್ಟೇರಿಗೆ ಇಳುವರಿ ಎಷ್ಟು ಮೀರಬಾರದು, ಇವೆಲ್ಲ ಅದರಲ್ಲಿ ನಿಗದಿ. ತಳಿ ಕಾನೂನಲ್ಲೇ ಇದ್ದ ಮೇಲೆ ಲೇಬಲ್ ಮೇಲೆ ಯಾಕೆ ಅಂತ ಅವರ ಲೆಕ್ಕ. ದೂರದ ನಮಗೆ ಕಷ್ಟ ಆಯಿತು, ಅಷ್ಟೇ. ಈಗ ಕೆಲವರು ಹಿಂದಿನ ಲೇಬಲ್‌ನಲ್ಲಿ ತಳಿಯ ಹೆಸರನ್ನೂ ಹಾಕುತ್ತಾರೆ. ಮೊದಲು ಬಾಟಲಿ ತಿರುಗಿಸಿ ನೋಡಿ.

ಎಲ್ಲ ಊರುಗಳನ್ನೂ ಬಾಯಿಪಾಠ ಮಾಡಲು ಹೋಗಬೇಡಿ, ಆಗದ ಕೆಲಸ ಅದು. ಒಂದೇ ಪ್ರದೇಶ ಹಿಡಿದುಕೊಳ್ಳಿ. ನನ್ನ ಮಾತು ಕೇಳುವುದಾದರೆ ಬರ್ಗಂಡಿ. ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ ನಿಜ, ಆದರೆ ಲೆಕ್ಕ ಸುಲಭ: ಬಿಳಿ ವೈನ್ ಅಂದರೆ ಬಹುಪಾಲು ಶಾರ್ಡೊನೆ, ಕೆಂಪು ಅಂದರೆ ಬಹುಪಾಲು ಪಿನೊ ನುವಾ. ಬೇರೆ ತಳಿಗಳ ಮಿಶ್ರಣದ ಗೊಂದಲ ಇಲ್ಲಿ ಕಡಿಮೆ. ಹಾಗಾಗಿ ಎರಡು ಬಾಟಲಿಗಳ ರುಚಿ ಬೇರೆ ಅನ್ನಿಸಿದರೆ ಅದಕ್ಕೆ ಕಾರಣ ಮಣ್ಣು, ಹವೆ ಅಥವಾ ಮಾಡಿದವರ ಕೈ.

ಶಾಬ್ಲಿ ತೆಗೆದುಕೊಳ್ಳಿ. ಬರ್ಗಂಡಿಯ ಉತ್ತರದ ತುದಿ. ಬೆಳೆಯುವುದು ಶಾರ್ಡೊನೆ ಒಂದೇ. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ನೆಲ ಅದು. ಅಲ್ಲಿನ ಸುಣ್ಣಕಲ್ಲು ಮಿಶ್ರಿತ ಮಣ್ಣಲ್ಲಿ ಪುಟ್ಟ ಪುಟ್ಟ ಸಿಂಪಿಯ ಪಳೆಯುಳಿಕೆಗಳು ಸಿಗುತ್ತವೆ. ಚಳಿ ಜಾಸ್ತಿ. ಏಪ್ರಿಲ್‌ನಲ್ಲಿ ಚಿಗುರು ಬಿಡುವ ಹೊತ್ತಿಗೆ ಹಿಮ ಬಿದ್ದರೆ ವರ್ಷದ ಬೆಳೆಯೇ ಹೋಗುತ್ತದೆ. ಅದಕ್ಕೆ ರೈತರು ರಾತ್ರಿಯೆಲ್ಲ ಎದ್ದು ಸಾಲುಗಳ ನಡುವೆ ಬಕೆಟ್ಟಿನಷ್ಟು ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚಿಡುತ್ತಾರೆ. ಕೆಲವರು ಚಿಗುರಿನ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಒಳಗಿನ ಮೊಗ್ಗನ್ನು ಕಾಯುತ್ತದೆ. ಇಂಥ ಚಳಿಯಲ್ಲಿ ಹಣ್ಣಾದ ದ್ರಾಕ್ಷಿಯಲ್ಲಿ ಹುಳಿ ಚೆನ್ನಾಗಿ ಉಳಿದಿರುತ್ತದೆ. ವೈನನ್ನೂ ಹೆಚ್ಚಾಗಿ ಸ್ಟೀಲ್ ಟ್ಯಾಂಕಿನಲ್ಲೇ ಮಾಡುವುದರಿಂದ ಕುಡಿದರೆ ನಿಂಬೆ, ಹಸಿರು ಸೇಬು, ಒದ್ದೆ ಕಲ್ಲಿನ ವಾಸನೆ. ಅಂಜಲ್ ರವಾ ಫ್ರೈ ಜೊತೆ ಇದಕ್ಕಿಂತ ಚೆನ್ನಾಗಿ ಹೊಂದುವ ಬಿಳಿ ವೈನ್ ನಾನು ಕಂಡಿಲ್ಲ.

ಅಲ್ಲಿಂದ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದಕ್ಷಿಣಕ್ಕೆ ಮರ್ಸೊ ಅಂತ ಊರು. ಅಲ್ಲೂ ಶಾರ್ಡೊನೆಯೇ. ಆದರೆ ಹಣ್ಣು ಇನ್ನಷ್ಟು ಮಾಗುತ್ತದೆ, ವೈನ್ 228 ಲೀಟರಿನ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಬೆಣ್ಣೆ, ಹುರಿದ ಬಾದಾಮಿಯ ಪರಿಮಳ, ಬಾಯಿ ತುಂಬುವ ರುಚಿ. ಎರಡನ್ನೂ ಪಕ್ಕಪಕ್ಕ ಸುರಿದು ಕುಡಿದು ನೋಡಿ, ಒಂದೇ ದ್ರಾಕ್ಷಿ ಅಂದರೆ ನಂಬುವುದು ಕಷ್ಟ. ಒಬ್ಬರಿಗೇ ದುಬಾರಿ, ನಾಲ್ಕು ಸ್ನೇಹಿತರು ದುಡ್ಡು ಹಾಕಿ ತರಿಸಿ.

ಕೆಂಪಿಗೆ ಬಂದರೆ, ಬರ್ಗಂಡಿಯಲ್ಲಿ ಪಿನೊ ನುವಾ ಗೆದ್ದದ್ದರ ಹಿಂದೆ ಒಂದು ರಾಜಾಜ್ಞೆಯೂ ಇದೆ. 1395ರಲ್ಲಿ ಅಲ್ಲಿನ ಡ್ಯೂಕ್ ಫಿಲಿಪ್, ಗಾಮೆ ತಳಿ ಕೆಟ್ಟದ್ದು, ಕಿತ್ತು ಹಾಕಿ ಅಂತ ಆದೇಶ ಹೊರಡಿಸಿದ. ಗಾಮೆ ಸುಮ್ನೆ ಸಾಯಲಿಲ್ಲ. ದಕ್ಷಿಣದ ಬೊಜೊಲೆಯ ಗ್ರಾನೈಟ್ ಗುಡ್ಡಗಳಲ್ಲಿ ನೆಲೆ ನಿಂತಿತು. ಬೊಜೊಲೆಯ ಕೆಂಪು ವೈನ್ ಅಂದರೆ ಇವತ್ತಿಗೂ ಗಾಮೆಯೇ. ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ, ಜೇಬಿಗೂ ಹಗುರ.

ಬೋರ್ಡೊ ಇನ್ನೊಂದು ಕಥೆ. ಅಲ್ಲಿ ಮಿಶ್ರಣವೇ ರೂಢಿ. ಮೆಡೋಕ್ ಪ್ರದೇಶ ಇರುವ, ನದಿಯ ಎಡದಂಡೆಯದು ಜಲ್ಲಿಕಲ್ಲಿನ ನೆಲ, ಬಿಸಿಲ ಶಾಖ ಹಿಡಿದಿಡುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೊನ್‌ಗೆ ಅದೇ ಬೇಕು. ಬಲದಂಡೆಯ ಸೇಂಟ್ ಎಮಿಲಿಯೊ, ಪೊಮೆರೋಲ್ ಕಡೆ ಜೇಡಿಮಣ್ಣು, ತಂಪು, ಅಲ್ಲಿ ಮೆರ್ಲೊ ಜೋರು. ಯಾವ ದಂಡೆ ಅಂತ ಗೊತ್ತಾದರೆ ಮಿಶ್ರಣದಲ್ಲಿ ಯಾವುದು ಹೆಚ್ಚಿರಬಹುದು ಅಂತ ಊಹಿಸಬಹುದು.

ಮೋಸ ಹೋಗುವ ಜಾಗಗಳೂ ಇವೆ. ಪುಯಿ ಫ್ಯೂಮೆ, ಪುಯಿ ಫ್ಯುಯಿಸೆ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಇದ್ದರೆ ಅಣ್ಣತಮ್ಮ ಅನ್ನಿಸುತ್ತದೆ, ಅಲ್ವಾ? ಮೊದಲನೆಯದು ಲುವಾರ್ ನದಿ ಕಡೆಯದು, ಸೊವಿನ್ಯೊನ್ ಬ್ಲಾಂ. ಎರಡನೆಯದು ಬರ್ಗಂಡಿಯ ದಕ್ಷಿಣದ್ದು, ಶಾರ್ಡೊನೆ. ಸಾಲದ್ದಕ್ಕೆ ಪುಯಿ ಸುರ್ ಲುವಾರ್ ಅಂತ ಮೂರನೆಯದೂ ಇದೆ, ಅದು ಶಾಸ್ಲಾ ಎಂಬ ಬೇರೆಯೇ ತಳಿ. ಹಾಗೆಯೇ ಮಸ್ಕಡೆ ಅಂದರೆ ಮಸ್ಕಟ್ ದ್ರಾಕ್ಷಿ ಅಂದುಕೊಂಡು ಸಿಹಿ ನಿರೀಕ್ಷಿಸಬೇಡಿ. ಅದರ ತಳಿ ಮೆಲೊನ್, ಸಿಹಿ ಇಲ್ಲ. ಶಾಬ್ಲಿಯ ಮಗ್ಗುಲಲ್ಲೇ ಇರುವ ಸೇಂಟ್ ಬ್ರಿ ಕೂಡ ಶಾರ್ಡೊನೆ ಅಲ್ಲ, ಸೊವಿನ್ಯೊನ್.

ಇಷ್ಟೆಲ್ಲ ತಲೆನೋವು ಬೇಡ ಅಂದರೆ ಅಲ್ಸಾಸ್ ವೈನ್ ಕೇಳಿ. ಜರ್ಮನಿ ಗಡಿಯ ಪ್ರದೇಶ, ಉದ್ದ ಕತ್ತಿನ ತೆಳ್ಳನೆ ಬಾಟಲಿ. ಫ್ರಾನ್ಸಿನದೇ ಆದರೂ ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್ ಅಂತ ದ್ರಾಕ್ಷಿ ಹೆಸರು ಲೇಬಲ್ ಮೇಲೇ ಇರುತ್ತದೆ. ಸಿಹಿ ಬೇಡವಾದರೆ 'ಸೆಕ್' ಅಂತ ಬರೆದಿದೆಯಾ ನೋಡಿ ಕೊಳ್ಳಿ.