‘ಮಾನಸಿಕ’ ಎಂದು ಬರೆಯುವ ಮೊದಲು: ತುರ್ತು ವಿಭಾಗದ ಟಿಪ್ಪಣಿ

ಶ್ರಾವಣದ ಒಂದು ಸೋಮವಾರ ಸಂಜೆ. ವಿಜಯಪುರದ ಆಸ್ಪತ್ರೆಯೊಂದಕ್ಕೆ ಇಂಡಿ ಕಡೆಯ ಅರವತ್ತು ದಾಟಿದ ತಾಯಿಯನ್ನು ಮಗ ಕರೆತಂದಿದ್ದ. ಆಕೆ ಕೂಗಾಡುತ್ತಿದ್ದರು, ಮಗನ ಗುರುತು ಹಿಡಿಯುತ್ತಿರಲಿಲ್ಲ. ಕೈಚೀಲದಲ್ಲಿ ಮನೋರೋಗ ಚಿಕಿತ್ಸೆಯ ಹಳೆಯ ಚೀಟಿಯೊಂದು ಸಿಕ್ಕಿತು. ಅದನ್ನು ಕಂಡದ್ದೇ ತಡ, ನಾನು ಕೇಸ್ ಶೀಟಿನಲ್ಲಿ ‘ಮಾನಸಿಕ’ ಎಂದು ಬರೆದುಬಿಟ್ಟೆ. ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚಿ ನೋಡಿದರು: ರಕ್ತದ ಸಕ್ಕರೆ 38, ತೀರಾ ಕಡಿಮೆ. ಉಪವಾಸವಿದ್ದೂ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದರು. ಶೇಕಡಾ 25ರ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರಾವಣ) 100 ಮಿ.ಲೀ. ರಕ್ತನಾಳಕ್ಕೆ ಹೋಗುತ್ತಲೇ ಸೆರಗು ಸರಿಪಡಿಸಿಕೊಂಡು, ‘ನನಗೇನಾಗಿತ್ತಪ್ಪಾ?’ ಎಂದು ಕೇಳಿದರು. ರಾತ್ರಿ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಈ ಜಾತಿಯ ಮಾತ್ರೆಯ ಪರಿಣಾಮ ಬೇಗ ಇಳಿಯುವುದಿಲ್ಲ, ನಸುಕಿನಲ್ಲಿ ಸಕ್ಕರೆ ಮತ್ತೆ ಕುಸಿಯಿತು.

ಹಾಗಾಗಿ ಗೆಳೆಯರೇ, ರೋಗಿ ಎಷ್ಟೇ ಕೂಗಾಡಲಿ, ನಾಡಿ, ರಕ್ತದೊತ್ತಡ, ಉಸಿರಾಟ, ಜ್ವರ, ಆಮ್ಲಜನಕ, ಸಕ್ಕರೆ ಇವಿಷ್ಟನ್ನು ನೋಡದೆ ಪೆನ್ನು ಎತ್ತಬೇಡಿ. 45 ವರ್ಷ ದಾಟಿದ ಮೇಲೆ ಮೊದಲ ಬಾರಿ ಬಂದ ಗೊಂದಲ, ಗಂಟೆಗಳಲ್ಲಿ ಶುರುವಾದದ್ದು, ಬೆಳಿಗ್ಗೆ ಸರಿಯಿದ್ದು ರಾತ್ರಿ ಕೆಡುವುದು, ಇಲ್ಲದ ವಸ್ತು ಕಣ್ಣಿಗೆ ಕಾಣುವುದು: ಇವು ದೇಹದ ಕಾರಣದತ್ತ ಬೆರಳು ತೋರುತ್ತವೆ. ಸ್ಕಿಝೋಫ್ರೇನಿಯಾ ಎಂಬ ಮನೋರೋಗದಲ್ಲಿ ಹೆಚ್ಚಾಗಿ ಕೇಳಿಸುವುದು ಧ್ವನಿ.

ಗಮನಶಕ್ತಿಯ ಪರೀಕ್ಷೆ ನನಗೆ ಬಹಳ ಮೆಚ್ಚು, ಏಕೆಂದರೆ ಅದಕ್ಕೆ ಯಂತ್ರ ಬೇಡ. ಪುಸ್ತಕದಲ್ಲಿ ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿ ಎಂದಿರುತ್ತದೆ. ಶಾಲೆಗೆ ಹೋಗದ ಅಜ್ಜನಿಗೆ ಅದು ಅನ್ಯಾಯ. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಊರಿನ ಸಂತೆ ಯಾವ ದಿನ ಎಂದು ಕೇಳಿ. ದಾರಿ ತಪ್ಪಿ ಮತ್ತೆ ಮತ್ತೆ ತಡವರಿಸಿದರೆ ಅದು ಸನ್ನಿ (ಡೆಲಿರಿಯಂ, ದೇಹದ ತೊಂದರೆಯಿಂದ ದಿಢೀರನೆ ಬರುವ ಗೊಂದಲ) ಇರಬಹುದು, ಕಾರಣ ಹುಡುಕಲೇಬೇಕು.

ನಮ್ಮ ಕಡೆ ಮರೆಯಬಾರದ ಎರಡು ಸಂಗತಿಗಳಿವೆ. ಕಾಲು ಮುರಿದು ದಾಖಲಾದವರು ಮೂರನೆಯ ದಿನ ಗೋಡೆಯ ಮೇಲೆ ಇರುವೆ ಕಾಣುತ್ತಿವೆ ಎಂದರೆ ಕುಡಿತದ ಬಗ್ಗೆ ಕೇಳಿ. ಕುಡಿತ ನಿಂತ 48ರಿಂದ 96 ಗಂಟೆಗಳಲ್ಲಿ ಬರುವ ಸನ್ನಿ ಜೀವ ತೆಗೆಯಬಲ್ಲದು. ಶಮನಕಾರಿ ಲೊರಾಜೆಪಾಮ್ ಬೇಕು, ಥಯಾಮಿನ್ (ಬಿ1 ಜೀವಸತ್ವ) ಬೇಕು. ಇನ್ನೊಂದು, ಕೀಟನಾಶಕ ಕುಡಿದವರಿಗೆ ಕೊಡುವ ಅಟ್ರೋಪಿನ್. ಅದು ಹೆಚ್ಚಾದರೆ ಮೈ ಬಿಸಿ, ಒಣ ಬಾಯಿ, ಅಗಲವಾದ ಪಾಪೆ, ಗಾಳಿಯಲ್ಲಿ ಏನನ್ನೋ ಹೆಕ್ಕುವ ಬೆರಳುಗಳು. ಆತ್ಮಹತ್ಯೆಗೆ ಯತ್ನಿಸಿದವರೆಂಬ ಕಾರಣಕ್ಕೆ ಈ ಗೊಂದಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು.

ಎಲ್ಲರಿಗೂ ಎಲ್ಲ ರಕ್ತಪರೀಕ್ಷೆ ಬೇಕಿಲ್ಲ. ಮೊದಲಿನಿಂದ ಕಾಯಿಲೆಯಿರುವ ಯುವಕ, ಎಚ್ಚರವಿದ್ದು ಮೈ ಸರಿಯಿದ್ದರೆ, ವಿಚಾರಣೆ ಮತ್ತು ತಪಾಸಣೆಯೇ ದಾರಿ ತೋರಿಸುತ್ತವೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ನುಂಗುವವರ ಕೈ ನಡುಗಿ ನಡಿಗೆ ತೂರಾಡುತ್ತಿದ್ದರೆ ರಕ್ತದಲ್ಲಿ ಅದರ ಮಟ್ಟ ನೋಡಿಸಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆ ತುರ್ತು ಚಿಕಿತ್ಸೆ ನೀಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಲಭ್ಯವಿದ್ದರೆ ಅವರ ಒಪ್ಪಿಗೆ ಬೇಕು. ಬಳಿಕ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳುಹಿಸುವುದಾದರೆ ಪತ್ರದಲ್ಲಿ ‘ಫಿಟ್’ (ದೇಹ ಸರಿಯಿದೆ) ಎಂದಷ್ಟೇ ಗೀಚಬೇಡಿ. ಜ್ವರ ಎಷ್ಟಿತ್ತು, ಸಕ್ಕರೆ ಎಷ್ಟಿತ್ತು, ಯಾವ ಚುಚ್ಚುಮದ್ದು ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಬರೆಯಿರಿ. ‘ನಿನ್ನೆವರೆಗೂ ನಮ್ಮವ್ವ ಸರಿಯಿದ್ದಳು’ ಎಂದು ಮಗ ಹೇಳಿದ್ದರೆ, ಆ ಮಾತನ್ನೂ ಹಾಗೆಯೇ ಬರೆಯಿರಿ.